ಸೊಟ್ಟಪಾದದ ಶಿಶುವಿನ ಶುಶ್ರೂಷೆ

ಹುಟ್ಟುಕುರುಡನೊಬ್ಬನನ್ನು ಕಂಡು, ಇದು ಯಾರ ಪಾಪದ ಫಲವೆಂದು ಶಿಷ್ಯರು ಕೇಳಲು, ಕರ್ತನು ಆ ದೋಷವನ್ನು ಅವನ ಮೇಲಾಗಲಿ ಅವನ ಹೆತ್ತವರ ಮೇಲಾಗಲಿ ಹೊರಿಸಲಿಲ್ಲವೆಂದು ಯೋಹಾನನ ಸುವಾರ್ತೆಯ ಒಂಬತ್ತನೆಯ ಅಧ್ಯಾಯದಲ್ಲಿ ಓದುತ್ತೇವೆ. ಆದರೂ ನಮ್ಮ ಹಳ್ಳಿಗಳಲ್ಲಿ ಪಾದವು ಒಳಕ್ಕೆ ತಿರುಗಿದ ಕೂಸು ಹುಟ್ಟಿದರೆ, ಬಸುರಿಯು ಗ್ರಹಣದ ಹೊತ್ತಿನಲ್ಲಿ ಹೊರಗೆ ಬಂದಳೋ, ಈಳಿಗೆ ಮುಟ್ಟಿದಳೋ ಎಂದು ವಿಚಾರಿಸುವ ವಾಡಿಕೆಯು ಇನ್ನೂ ಬಿಟ್ಟುಹೋಗಿಲ್ಲ. ಬಾಣಂತಿಯು ಆ ಮಾತಿಗೆ ಅಂಜಿ ಕೂಸಿನ ಕಾಲುಗಳನ್ನು ಸೆರಗಿನೊಳಗೆ ಮರೆಮಾಡುತ್ತಾಳೆ. ಹಾಗೆ ಮರೆಮಾಡಿದ ತಿಂಗಳುಗಳೇ ಚಿಕಿತ್ಸೆಗೆ ಅತಿ ಯೋಗ್ಯವಾದ ಕಾಲವೆಂಬುದನ್ನು ಅವಳಿಗೆ ಹೇಳುವವರಿಲ್ಲ.

ಸುಮಾರು 1000 ಶಿಶುಗಳಲ್ಲಿ ಒಂದಕ್ಕೆ ಈ ಸೊಟ್ಟಪಾದವು ಇರುತ್ತದೆ. ಹೆಣ್ಣುಕೂಸುಗಳಿಗಿಂತ ಗಂಡುಕೂಸುಗಳಲ್ಲಿ ಇದು ಹೆಚ್ಚು. ಕೆಲವು ಮನೆತನಗಳಲ್ಲಿ ಮರುಕಳಿಸುವುದೂ ಉಂಟು. ಗ್ರಹಣಕ್ಕೂ ಇದಕ್ಕೂ ಯಾವ ಸಂಬಂಧವೂ ಇಲ್ಲ.

ಪೂರ್ವದಲ್ಲಿ ಇಂಥ ಪಾದಗಳನ್ನು ದೊಡ್ಡ ಶಸ್ತ್ರಚಿಕಿತ್ಸೆಯಿಂದ ತಿದ್ದುತ್ತಿದ್ದರು. ಆ ಪಾದಗಳು ಮುಂದೆ ಬಿಗಿದು ನೋಯುವುದು ಸಾಮಾನ್ಯವಾಗಿತ್ತು. ಸ್ಪೇನ್ ದೇಶದಲ್ಲಿ ಹುಟ್ಟಿ ಅಮೇರಿಕದ ಅಯೋವಾ ವಿಶ್ವವಿದ್ಯಾಲಯದಲ್ಲಿ ಸೇವೆಮಾಡಿ 2009ರಲ್ಲಿ ತೀರಿಹೋದ ಪೋನ್ಸೆಟಿ ಎಂಬ ವೈದ್ಯರು ಬೇರೊಂದು ಕ್ರಮವನ್ನು ತೋರಿಸಿದರು. ಎಳೆಗೂಸಿನ ಕೀಲುಗಳ ಕಟ್ಟುಗಳು ಮೃದುವಾಗಿರುವದರಿಂದ, ಪಾದವನ್ನು ಕೈಯಿಂದ ಮೆಲ್ಲನೆ ತಿರುಗಿಸಿ, ತೊಡೆಯ ತನಕ ಪ್ಲಾಸ್ಟರ್ ಹಾಕಿ, ವಾರಕ್ಕೊಮ್ಮೆ ಅದನ್ನು ಬದಲಿಸುತ್ತಾ ಬಂದರೆ, ಐದಾರು ವಾರಗಳಲ್ಲಿ ಪಾದವು ನೇರವಾಗುತ್ತದೆ. ಹೆಚ್ಚಿನ ಕೂಸುಗಳಿಗೆ ಕೊನೆಯಲ್ಲಿ ಹಿಮ್ಮಡಿಯ ಮೇಲಣ ಬಿಗಿಯಾದ ಸ್ನಾಯುರಜ್ಜುವನ್ನು ಚಿಕ್ಕದಾಗಿ ಕತ್ತರಿಸಿ, ಮತ್ತೆ ಮೂರು ವಾರ ಪ್ಲಾಸ್ಟರ್ ಇಡುತ್ತಾರೆ.

ಪ್ಲಾಸ್ಟರ್ ಹಾಕಿಸಿ ಮನೆಗೆ ಬಂದ ಮೊದಲನೆಯ ದಿನ ತಾಯಿಯು ಗಳಿಗೆ ಗಳಿಗೆಗೆ ಕಾಲ್ಬೆರಳುಗಳನ್ನು ನೋಡಬೇಕು. ಬೆರಳ ತುದಿಯನ್ನು ಒತ್ತಿ ಬಿಟ್ಟರೆ ಕೂಡಲೆ ಕೆಂಪೇರಬೇಕು. ಬೆರಳುಗಳು ನೀಲಿಗಟ್ಟಿದರೆ, ತಣ್ಣಗಾದರೆ, ಬಾತರೆ, ಪ್ಲಾಸ್ಟರ್ ಜಾರಿ ಬೆರಳುಗಳು ಒಳಗೆ ಅಡಗಿದರೆ, ಇಲ್ಲವೆ ಕೂಸು ಅಳು ನಿಲ್ಲಿಸದಿದ್ದರೆ, ಮರುದಿನಕ್ಕೆ ಕಾಯದೆ ಆಸ್ಪತ್ರೆಗೆ ಹೋಗಬೇಕು. ಎಣ್ಣೆನೀರಿನ ಸ್ನಾನ ಈ ವಾರಗಳಲ್ಲಿ ಬೇಡ. ಒದ್ದೆ ಬಟ್ಟೆಯಿಂದ ಮೈ ಒರಸಿದರೆ ಸಾಕು. ಇದಕ್ಕೆ ಅಜ್ಜಿಯರು ಒಪ್ಪುವದು ಕಷ್ಟವೆಂದು ಬಲ್ಲೆವು! ಮೂತ್ರವು ಪ್ಲಾಸ್ಟರಿಗೆ ಇಳಿಯದಂತೆ ಬಟ್ಟೆಯನ್ನು ಆಗಾಗ ಬದಲಿಸಿರಿ. ಮಲಗಿಸುವಾಗ ಕಾಲುಗಳ ಕೆಳಗೆ ಮಡಿಸಿದ ಹಚ್ಚಡವನ್ನಿಡಿರಿ.

ಅಪೊಸ್ತಲರ ಕೃತ್ಯಗಳಲ್ಲಿ ಹುಟ್ಟುಕುಂಟನ ಪಾದಗಳು ಕ್ಷಣದಲ್ಲಿ ಬಲಗೊಂಡವು. ನಮ್ಮ ಕೂಸುಗಳಿಗೆ ನಾಲ್ಕು ವರುಷ ಹಿಡಿಯುತ್ತದೆ. ಆ ನಾಲ್ಕು ವರುಷಗಳ ಕೆಲಸವು ವೈದ್ಯರದಕ್ಕಿಂತ ಹೆಚ್ಚಾಗಿ ಮನೆಯವರದೇ. ಯಾಕಂದರೆ ಪ್ಲಾಸ್ಟರ್ ಬಿಚ್ಚಿದ ಮೇಲೆ, ಪಟ್ಟಿಯೊಂದಕ್ಕೆ ಜೋಡಿಸಿದ ಎರಡು ಬೂಟುಗಳನ್ನು ಮೂರು ತಿಂಗಳು ದಿನಕ್ಕೆ 23 ತಾಸು ತೊಡಿಸಬೇಕು. ತರುವಾಯ ನಾಲ್ಕು ವರುಷ ತುಂಬುವ ತನಕ ರಾತ್ರಿಯಲ್ಲಿಯೂ ಹಗಲುನಿದ್ದೆಯಲ್ಲಿಯೂ ತೊಡಿಸಬೇಕು. ಪಾದವು ನೆಟ್ಟಗಾಯಿತೆಂದು, ಕೂಸು ನಡೆಯಿತೆಂದು, ಮನೆಯವರು ಬೂಟನ್ನು ಅಟ್ಟಕ್ಕೆ ಎಸೆಯುವರು. ಪಾದವು ಪುನಃ ತಿರುಗುವದಕ್ಕೆ ಇದೇ ಮುಖ್ಯ ಕಾರಣ. ಮೊದಲ ಎರಡು ಮೂರು ರಾತ್ರಿ ಕೂಸು ಅತ್ತೇ ಅಳುವದು. ಆಗ ಎರಡು ಮೊಣಕಾಲುಗಳನ್ನೂ ಒಟ್ಟಿಗೆ ಮಡಿಸಿ ಚಾಚಿ ಆಡಿಸಿದರೆ, ಎರಡೂ ಕಾಲನ್ನು ಕೂಡಿಸಿ ಒದೆಯುವದನ್ನು ಕಲಿತು ಸುಮ್ಮನಾಗುವದು. ಹತ್ತಿಯ ಕಾಲುಚೀಲ ಹಾಕಿ, ಹಿಮ್ಮಡಿಯು ಬೂಟಿನ ತಳಕ್ಕೆ ತಾಕಿದೆಯೋ ಎಂದು ನೋಡಿರಿ.

ಹುಬ್ಬಳ್ಳಿಯ ವಿದ್ಯಾನಗರದಲ್ಲಿ, ಜನರು ಕಿಮ್ಸ್ ಎಂದು ಕರೆಯುವ ಸರಕಾರೀ ಆಸ್ಪತ್ರೆಯಲ್ಲಿ ಎಲುಬಿನ ವೈದ್ಯರಿದ್ದಾರೆ. ಅಲ್ಲಿಯ ವೈದ್ಯವಿದ್ಯಾಲಯವು 1957ರಲ್ಲಿ ಆರಂಭವಾಯಿತು. 2013ರಲ್ಲಿ ತೊಡಗಿದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಸೊಟ್ಟಪಾದವೂ ಸೇರಿರುವದರಿಂದ, ಊರಿನ ಆಶಾ ಕಾರ್ಯಕರ್ತೆಗೆ ಕೂಸಿನ ಪಾದವನ್ನು ಹುಟ್ಟಿದ ವಾರದಲ್ಲೇ ತೋರಿಸಿರಿ. ಕುಂದಗೋಳ, ಕಲಘಟಗಿ, ನವಲಗುಂದಗಳ ಕಡೆಯವರಿಗೆ ಬಿತ್ತನೆಯ ಕಾಲದಲ್ಲಿ ವಾರವಾರವೂ ಬರುವದು ಭಾರವೇ ಸರಿ. ತಾಯಿ ಹೊಲ ಬಿಡಲಾರದ ವಾರ ತಂದೆಯೇ ಕೂಸನ್ನೆತ್ತಿಕೊಂಡು ಬಸ್ಸು ಹತ್ತಲಿ. ಅದರಲ್ಲಿ ನಾಚಿಕೆಯೇನೂ ಇಲ್ಲ.

ಬೆರಳುಗಳು ಬೂಟಿನ ಅಂಚನ್ನು ದಾಟಿ ಮಡಿಚಿಕೊಂಡರೆ ದೊಡ್ಡ ಜೋಡನ್ನು ಕೇಳಿರಿ. ಹಿಮ್ಮಡಿಯು ನೆಲ ಬಿಟ್ಟು ಏಳುವದನ್ನು ಕಂಡರೆ ತಡಮಾಡದೆ ತೋರಿಸಿರಿ. ತಿರುಗಿದ ಪಾದಕ್ಕೆ ಇನ್ನೊಮ್ಮೆ ಪ್ಲಾಸ್ಟರ್ ಹಾಕಿ ತಿದ್ದಬಹುದು.