ಇಲಿ-ಹೆಗ್ಗಣಗಳ ನಿವಾರಣೆಗೆ ಅಗ್ಗದ ಗಾಳಿಬಂದೂಕು: ಆರಿಸುವ ಕ್ರಮವೂ ಅದರ ಮಿತಿಯೂ

ಹಾವೇರಿ ಜಿಲ್ಹೆಯ ಹಾನಗಲ್ಲ ತಾಲೂಕಿನಲ್ಲಿರುವ ಅಕ್ಕಿಆಲೂರು ಸೀಮೆಯು ಅರೆಮಲೆನಾಡಿನ ಅಂಚಿನದು. ಇಲ್ಲಿಯ ಕೆರೆಗಳ ಕೆಳಗಿನ ಗದ್ದೆಗಳಲ್ಲಿ ಬತ್ತವೂ, ಹೊಲಗಳಲ್ಲಿ ಗೋವಿನಜೋಳ ಹತ್ತಿಗಳೂ, ತೋಟಗಳಲ್ಲಿ ಅಡಿಕೆ, ಬಾಳೆ, ಮಾವುಗಳೂ ಬೆಳೆಯುವವು. ಸುಗ್ಗಿಯು ಮುಗಿದು ಕಾಳು ಮನೆಗೆ ಬಂದಿತೆಂದರೆ ಒಕ್ಕಲಿಗನ ಚಿಂತೆಯು ತೀರಿತೆಂದು ತಿಳಿಯಲಾಗದು. ಹೊಲದಲ್ಲಿ ಹಕ್ಕಿ ಹಂದಿಗಳ ಕಾಟವು ನಿಂತೊಡನೆ ಮನೆಯಲ್ಲಿ ಇಲಿ ಹೆಗ್ಗಣಗಳ ಕಾಟವು ಮೊದಲಾಗುವದು. ಅವು ತಿನ್ನುವ ಕಾಳಿಗಿಂತ ಹೊಲಸು ಮಾಡಿ ಕೆಡಿಸುವ ಕಾಳೇ ಹೆಚ್ಚು. ಚೀಲಗಳನ್ನು ಕಡಿದು, ಗೋಡೆಯ ಬುಡವನ್ನು ತೋಡಿ, ಬಣವೆಯಲ್ಲಿ ಗೂಡು ಮಾಡುವವು. ಅವುಗಳ ಮೂತ್ರದಿಂದ ಇಲಿಜ್ವರವು ಮನುಷ್ಯರಿಗೂ ದನಗಳಿಗೂ ತಗಲುವದು. ೧೮೯೮ರಲ್ಲಿ ಹುಬ್ಬಳ್ಳಿಯ ಕಡೆಗೆ ಪ್ಲೇಗು ಹಬ್ಬಿ ಜನರು ಮನೆಮಠಗಳನ್ನು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿದ ಕಥೆಯನ್ನು ಹಿರಿಯರಿಂದ ಕೇಳಿದ ಮನೆತನಗಳು ಈ ಭಾಗದಲ್ಲಿ ಇನ್ನೂ ಇವೆ.

ಈ ಕಾಟಕ್ಕೆ ಗಾಳಿಬಂದೂಕು, ಅಂದರೆ ಏರ್‌ಗನ್ನು, ಒಳ್ಳೆಯ ಉಪಾಯವೆಂದು ಕೆಲವು ಭೂಮಾಲೀಕರು ಎಣಿಸುವರು. ಅದು ಒಂದು ಮಿತಿಯೊಳಗೆ ನಿಜ. ಆದರೆ ಆ ಮಿತಿಯನ್ನು ಅರಿಯದೆ ಬಂದೂಕನ್ನು ಕೊಂಡವನು ಹಣವನ್ನು ಕಳೆದುಕೊಳ್ಳುವದಲ್ಲದೆ ಕೋರ್ಟಿನ ಕಟ್ಟೆಯನ್ನೂ ಏರಬೇಕಾಗಬಹುದು. ಆದುದರಿಂದ ಊರ ಗೌಡರೂ ಹಿರಿಯರೂ ಮುಂದಿನ ಸಂಗತಿಗಳನ್ನು ಲಕ್ಷ್ಯದಲ್ಲಿಡುವದು ಅವಶ್ಯ.

೧. ಕಾಯದೆಯ ಕಟ್ಟಳೆ

೨೦೧೬ರ ಶಸ್ತ್ರ ನಿಯಮಗಳ ಪ್ರಕಾರ, ನಳಿಗೆಯ ಒಳ ಅಗಲವು ೪.೫ ಮಿಲಿಮೀಟರನ್ನೂ ಗುಂಡಿನ ಶಕ್ತಿಯು ೨೦ ಜೂಲನ್ನೂ ಮೀರದ ಗಾಳಿಬಂದೂಕಿಗೆ ಪರವಾನಿಗೆ ಬೇಕಿಲ್ಲ. ಇವೆರಡರಲ್ಲಿ ಯಾವದೊಂದು ಮೀರಿದರೂ ಪರವಾನಿಗೆ ಬೇಕು. ಕೊಳ್ಳುವಾಗ ಈ ಎರಡು ಅಂಕಿಗಳೂ ಬರೆದಿರುವ ರಸೀತಿಯನ್ನು ಪಡೆದು ಜೋಪಾನ ಮಾಡತಕ್ಕದ್ದು.

ಪರವಾನಿಗೆ ಇಲ್ಲದೆ ಬಂದೂಕನ್ನು ಇಡಬಹುದೆಂದ ಮಾತ್ರಕ್ಕೆ ಕಂಡ ಪ್ರಾಣಿಯನ್ನೆಲ್ಲ ಹೊಡೆಯಬಹುದೆಂದು ಅರ್ಥವಲ್ಲ. ಇಲ್ಲಿಯೇ ಬಹುಜನರು ಎಡವುವರು. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯದೆಯು ಬೇಟೆಯನ್ನು ನಿಷೇಧಿಸಿದೆ. ಮೊದಲು ಆ ಕಾಯದೆಯ ಐದನೆಯ ಪಟ್ಟಿಯಲ್ಲಿ ಕಾಗೆ, ಹಣ್ಣುಬಾವಲಿ, ಇಲಿ ಮುಂತಾದವು ಪೀಡೆಯ ಪ್ರಾಣಿಗಳೆಂದು ಎಣಿಸಲ್ಪಟ್ಟಿದ್ದವು. ೨೦೨೨ರ ತಿದ್ದುಪಡಿಯು ಆ ಪಟ್ಟಿಯನ್ನೇ ತೆಗೆದುಹಾಕಿತು. ತಿದ್ದುಪಡಿಯು ೨೦೨೩ರ ಎಪ್ರಿಲ್ ೧ರಿಂದ ಜಾರಿಗೆ ಬಂದಿತು. ಹಿಂದೆ ಅಜ್ಜಂದಿರು ಹೊಡೆಯುತ್ತಿದ್ದರೆಂಬ ಮಾತು ಈಗ ನಡೆಯದು.

ಮೊಲ, ಕೌಜುಗ, ಬುರ್ಲಿ, ಗಿಳಿ ಇವುಗಳನ್ನು ಹೊಡೆಯಕೂಡದು. ನವಿಲಂತೂ ೧೯೬೩ರಿಂದ ರಾಷ್ಟ್ರಪಕ್ಷಿಯಾಗಿದೆ. ಶಿಗ್ಗಾಂವಿ ತಾಲೂಕಿನ ಬಂಕಾಪುರದ ಕೋಟೆಯಲ್ಲಿ ಅದಕ್ಕಾಗಿಯೇ ಒಂದು ಧಾಮವಿದೆ. ರಾಣೆಬೆನ್ನೂರಿನ ಕಡೆಯ ಹೊಲಗಳಿಗೆ ನುಗ್ಗುವ ಚಿಗರಿಯೂ ಅಂಥದೇ. ಇವೆರಡೂ ಕಾಯದೆಯ ಮೊದಲನೆಯ ಪಟ್ಟಿಯಲ್ಲಿವೆ. ಆ ಪಟ್ಟಿಯ ಪ್ರಾಣಿಯನ್ನು ಕೊಂದವನಿಗೆ ೩ ವರ್ಷಕ್ಕೆ ಕಡಿಮೆಯಿಲ್ಲದೆ ೭ ವರ್ಷದವರೆಗೆ ಸೆರೆವಾಸವೂ ೨೫,೦೦೦ ರೂಪಾಯಿಗೆ ಕಡಿಮೆಯಿಲ್ಲದ ದಂಡವೂ ಉಂಟು. ಒಂದು ನವಿಲು ತಿಂದ ಬತ್ತದ ಬೆಲೆಯೆಷ್ಟು, ಈ ದಂಡವೆಷ್ಟು ಎಂಬುದನ್ನು ಗೌಡರು ತಮ್ಮ ಊರಿನ ಹುಡುಗರಿಗೆ ತಿಳಿಹೇಳತಕ್ಕದ್ದು.

ಕಾಡುಹಂದಿ ಮಂಗಗಳ ವಿಷಯದಲ್ಲಿ ಕಾಯದೆಯ ಜೊತೆಗೆ ಇನ್ನೊಂದು ಕಾರಣವುಂಟು. ಅರ್ಧ ಗ್ರಾಮು ತೂಕದ ಸೀಸದ ಗುಂಡು ಹಂದಿಯನ್ನು ಕೊಲ್ಲಲಾರದು, ಗಾಯಗೊಳಿಸಿ ಕೆರಳಿಸುವದು. ಕೆರಳಿದ ಹಂದಿಯು ಮರುದಿನ ನಸುಕಿನಲ್ಲಿ ಹುಲ್ಲಿಗೆ ಹೋದ ನೆರೆಯವನ ಮೇಲೆ ಬಿದ್ದರೆ ಆ ಪಾಪವು ಹೊಡೆದವನದು. ಕಾಡುಪ್ರಾಣಿಗಳಿಂದ ಬೆಳೆ ಹಾಳಾದರೆ ಅರಣ್ಯ ಖಾತೆಗೆ ಅರ್ಜಿ ಕೊಟ್ಟು ಪರಿಹಾರವನ್ನು ಕೇಳುವದೇ ಸರಿಯಾದ ದಾರಿ.

ಹೀಗಾಗಿ ಗಾಳಿಬಂದೂಕಿಗೆ ಉಳಿಯುವ ಗುರಿಗಳು ಮನೆ, ಕಣ, ಕೊಟ್ಟಿಗೆ, ಉಗ್ರಾಣಗಳಲ್ಲಿಯ ಇಲಿ ಮತ್ತು ಹೆಗ್ಗಣಗಳು ಮಾತ್ರ. ಅಳಿಲೂ ಇದರಲ್ಲಿ ಸೇರದು. ಬಂದೂಕನ್ನು ಆರಿಸುವಾಗ ಈ ಸಣ್ಣ ಗುರಿಯನ್ನೇ ಕಣ್ಣೆದುರಿಗೆ ಇಟ್ಟುಕೊಂಡರೆ ವೆಚ್ಚವು ತಾನಾಗಿಯೇ ಕಡಿಮೆಯಾಗುವದು.

೨. ಬಂದೂಕಿನ ಬಗೆಗಳು

ಮೊದಲನೆಯದು ಸ್ಪ್ರಿಂಗಿನ ಬಂದೂಕು. ನಳಿಗೆಯನ್ನು ಮಡಚಿದರೆ ಒಳಗಿನ ಸ್ಪ್ರಿಂಗು ಒತ್ತಲ್ಪಟ್ಟು ನಿಲ್ಲುವದು; ಕುದುರೆಯನ್ನು ಎಳೆದೊಡನೆ ಕೊಂತವು ಮುಂದೆ ನುಗ್ಗಿ ಗಾಳಿಯನ್ನು ಒತ್ತಿ ಗುಂಡನ್ನು ಹೊರದೂಡುವದು. ಇದಕ್ಕೆ ಬೇರೆ ಯಾವ ಸಾಮಾನೂ ಬೇಡ. ಕೆಲವುಗಳಲ್ಲಿ ಸ್ಪ್ರಿಂಗಿನ ಬದಲು ಅನಿಲ ತುಂಬಿದ ಕೊಳವೆ ಇರುವದು.

ಎರಡನೆಯದು ಇಂಗಾಲಾಮ್ಲದ ಸಣ್ಣ ಸಿಲಿಂಡರಿನಿಂದ ನಡೆಯುವದು. ಇದರಲ್ಲಿ ಹೊಡೆಯುವದು ಸುಲಭ. ಆದರೆ ಸಿಲಿಂಡರುಗಳನ್ನು ಮೇಲಿಂದ ಮೇಲೆ ಕೊಳ್ಳಬೇಕು. ಮಾಗಿಯ ಚಳಿಯಲ್ಲಿ, ಎಂದರೆ ಬತ್ತವು ಮನೆಗೆ ಬರುವ ಕಾಲದಲ್ಲಿಯೇ, ಇದರ ಶಕ್ತಿಯು ಕುಂದುವದು.

ಮೂರನೆಯದು ಮೊದಲೇ ಗಾಳಿಯನ್ನು ತುಂಬಿಟ್ಟುಕೊಳ್ಳುವ ಬಂದೂಕು. ಇದರ ತೊಟ್ಟಿಯಲ್ಲಿ ಗಾಳಿಯ ಒತ್ತಡವು ಸಾಮಾನ್ಯವಾಗಿ ೨೦೦ ಬಾರಿನಷ್ಟಿರುವದು. ಗುರಿಯು ಬಹಳ ನಿಖರ, ಒದೆತವೂ ಇಲ್ಲ. ಆದರೆ ಅದಕ್ಕೆ ತಕ್ಕ ಪಂಪು ಬೇಕು. ಬೆಲೆಯೂ ದುರಸ್ತಿಯ ವೆಚ್ಚವೂ ಹೆಚ್ಚು.

ಉಗ್ರಾಣದ ಇಲಿಯನ್ನು ಹತ್ತು ಹದಿನೈದು ಮೀಟರಿನೊಳಗೆ ಹೊಡೆಯುವದಕ್ಕೆ ಮೊದಲನೆಯ ಬಗೆಯೇ ಸಾಕು. ಕಡಿಮೆ ಹಣದವನಿಗೆ ಇದಕ್ಕಿಂತ ಯೋಗ್ಯವಾದದ್ದು ಇಲ್ಲ.

೩. ಶಕ್ತಿಯ ಲೆಕ್ಕ

ಅಂಗಡಿಯವರು ವೇಗದ ದೊಡ್ಡ ಅಂಕಿಯನ್ನು ಹೇಳಿ ಗಿರಾಕಿಯನ್ನು ಮರುಳು ಮಾಡುವದುಂಟು. ಗುಂಡಿನ ತೂಕದ ಅರ್ಧವನ್ನು ವೇಗದ ವರ್ಗದಿಂದ ಗುಣಿಸಿದರೆ ಶಕ್ತಿಯು ದೊರೆಯುವದು; ತೂಕವು ಕಿಲೋಗ್ರಾಮಿನಲ್ಲಿಯೂ ವೇಗವು ಸೆಕೆಂಡಿಗೆ ಮೀಟರಿನಲ್ಲಿಯೂ ಇರತಕ್ಕದ್ದು. ಅರ್ಧ ಗ್ರಾಮಿನ ಗುಂಡು ಸೆಕೆಂಡಿಗೆ ೨೦೦ ಮೀಟರು ಹೋದರೆ ಅದರ ಶಕ್ತಿಯು ೧೦ ಜೂಲು. ಅದೇ ಗುಂಡು ೨೮೦ ಮೀಟರು ಹೋದರೆ ೧೯.೬ ಜೂಲು, ಅಂದರೆ ಕಾಯದೆಯ ಅಂಚು. ವೇಗವು ಒಂದೂವರೆ ಪಟ್ಟೂ ಆಗುವ ಮೊದಲೇ ಶಕ್ತಿಯು ಎರಡು ಪಟ್ಟಾಗುವದನ್ನು ಇಲ್ಲಿ ಕಾಣಬಹುದು. ಸಮೀಪದ ಇಲಿಗೆ ೧೦ ಜೂಲಿನ ಆಸುಪಾಸಿನ ಬಂದೂಕು ಸಾಕು. ಅದಕ್ಕಿಂತ ಬಲವಾದದ್ದು ಮಡಚಲು ಬಿರುಸು, ಹಿಡಿಯಲು ಭಾರ. ಇಲಿಯನ್ನು ದಾಟಿ ಹಿಂದಿನ ಹಲಗೆಯನ್ನೂ ತೂರುವ ಭಯವುಂಟು. ಸ್ಪ್ರಿಂಗಿನ ಬಲವನ್ನು ಹೆಚ್ಚಿಸುವ ಗೋಜಿಗೆ ಯಾರೂ ಹೋಗಕೂಡದು. ಅದರಿಂದ ೨೦ ಜೂಲು ಮೀರಿದರೆ ಪರವಾನಿಗೆ ಇಲ್ಲದ ಶಸ್ತ್ರವನ್ನು ಇಟ್ಟ ಅಪರಾಧವಾಗುವದು.

೪. ಹಣದ ಹಂಚಿಕೆ

ಕೈಯಲ್ಲಿರುವ ಹಣವನ್ನು ಹತ್ತು ಪಾಲು ಮಾಡಿದರೆ ಏಳು ಪಾಲು ಬಂದೂಕಿಗೆ, ಎರಡು ಪಾಲು ಒಳ್ಳೆಯ ಗುಂಡುಗಳಿಗೆ, ಒಂದು ಪಾಲು ಬೀಗವುಳ್ಳ ಪೆಟ್ಟಿಗೆಗೆ ಎಂದು ಇಡುವದು ಯೋಗ್ಯ. ದುರ್ಬೀನಿಗೆ ಒಂದು ಕಾಸನ್ನೂ ಕೊಡಬೇಕಾದದ್ದಿಲ್ಲ. ಸ್ಪ್ರಿಂಗಿನ ಬಂದೂಕು ಹಿಂದಕ್ಕೂ ಮುಂದಕ್ಕೂ ಒದೆಯುವದರಿಂದ ಅಗ್ಗದ ದುರ್ಬೀನು ಬೇಗನೆ ಸಡಿಲಾಗಿ ಕೆಡುವದು. ಬಂದೂಕಿನ ಮೇಲೆಯೇ ಇರುವ ಕಬ್ಬಿಣದ ಗುರಿಕಂಡಿಯು ಹತ್ತು ಮೀಟರಿಗೆ ಧಾರಾಳವಾಗಿ ಸಾಕು.

ಗುಂಡುಗಳಲ್ಲಿ ಚಪ್ಪಟೆ ತಲೆಯವು, ಗೋಲತಲೆಯವು, ಚೂಪುತಲೆಯವು ಎಂದು ಬಗೆಗಳಿವೆ. ಚೂಪಾದದ್ದು ಚೆನ್ನಾಗಿ ಕೊಲ್ಲುವದೆಂಬ ತಿಳುವಳಿಕೆ ತಪ್ಪು. ಅದು ತೂರಿ ಆಚೆಗೆ ಹೋಗುವದು, ನೆಟ್ಟಗೂ ಹಾರದು. ಸಮೀಪಕ್ಕೆ ಚಪ್ಪಟೆ ತಲೆಯದು ಅಥವಾ ಗೋಲತಲೆಯದು ಉತ್ತಮ. ಒಂದೇ ಬಂದೂಕು ಒಂದು ಜಾತಿಯ ಗುಂಡಿಗೆ ಒಲಿದು ಇನ್ನೊಂದಕ್ಕೆ ಒಲಿಯದೆ ಇರುವದರಿಂದ ಎರಡು ಮೂರು ಜಾತಿಯ ಸಣ್ಣ ಡಬ್ಬಿಗಳನ್ನು ತಂದು ಪರೀಕ್ಷಿಸತಕ್ಕದ್ದು.

೫. ಪರೀಕ್ಷೆ

ಅಂಗಡಿಯಲ್ಲಿ ಮೊದಲು ನಳಿಗೆಯ ಕೀಲನ್ನು ನೋಡತಕ್ಕದ್ದು. ಮುಚ್ಚಿದ ಮೇಲೆ ನಳಿಗೆಯು ಅತ್ತಿತ್ತ ಅಲುಗಾಡಿದರೆ ಆ ಬಂದೂಕು ಬೇಡ. ಕೀಲಿನ ಬಳಿಯ ರಬ್ಬರಿನ ಬಳೆಯು ಸವೆದಿರಕೂಡದು. ಕುದುರೆಯ ತಡೆಯು ಗಟ್ಟಿಯಾಗಿ ಹಿಡಿಯಬೇಕು.

ಮನೆಗೆ ತಂದ ಮೇಲೆ ಉಸುಕು ತುಂಬಿದ ಗೋಣಿಚೀಲವನ್ನು ಗೋಡೆಗೆ ಒರಗಿಸಿ, ಅದಕ್ಕೆ ಕಾಗದವನ್ನು ಅಂಟಿಸಿ, ಹತ್ತು ಮೀಟರು ದೂರದಿಂದ ಐದು ಗುಂಡುಗಳನ್ನು ಹೊಡೆಯತಕ್ಕದ್ದು. ಬಂದೂಕನ್ನು ಬಿಗಿಯಾಗಿ ಅಪ್ಪಿಕೊಳ್ಳದೆ, ಮುಂಗೈಯ ಮೇಲೆ ಹಗುರಾಗಿ ಇಟ್ಟು ಹೊಡೆದರೆ ಗುರಿಯು ಕೂಡುವದು. ಐದೂ ತೂತುಗಳು ಹತ್ತು ರೂಪಾಯಿಯ ನಾಣ್ಯದ ಕೆಳಗೆ, ಅಂದರೆ ೨೭ ಮಿಲಿಮೀಟರಿನ ಅಗಲದಲ್ಲಿ, ಅಡಗಬೇಕು. ಇಲಿಯ ತಲೆಯು ಅದಕ್ಕಿಂತ ದೊಡ್ಡದಲ್ಲ. ಈ ಪರೀಕ್ಷೆಯಲ್ಲಿ ಮೂರು ದಿನ ಎಡೆಬಿಡದೆ ಗೆದ್ದವನೇ ಪ್ರಾಣಿಯ ಮೇಲೆ ಬಂದೂಕನ್ನು ಎತ್ತತಕ್ಕದ್ದು. ನರಳಿಸಿ ಕೊಲ್ಲುವದು ಒಕ್ಕಲಿಗನ ಧರ್ಮವಲ್ಲ. ಗಾಯಗೊಂಡ ಇಲಿಯು ಗೋಡೆಯ ಸಂದಿಯಲ್ಲಿ ಸತ್ತು ನಾರಿದರೆ ಮನೆಯವರಿಗೂ ಸುಖವಿಲ್ಲ.

೬. ಬಳಸುವಾಗಿನ ಎಚ್ಚರ

ಗುರಿಯ ಹಿಂದೆ ಏನಿದೆ ಎಂಬುದನ್ನು ತಿಳಿಯದೆ ಕುದುರೆಗೆ ಬೆರಳಿಡಕೂಡದು. ಕೊಟ್ಟಿಗೆಯ ತಟ್ಟಿಯ ಆಚೆಗೆ ಆಳುಮಗನು ಮಲಗಿರಬಹುದು. ತಗಡಿನ ಹಿಂದೆ ಕರುವನ್ನು ಕಟ್ಟಿರಬಹುದು. ಕಲ್ಲಿಗೂ ಕಬ್ಬಿಣಕ್ಕೂ ತಗಲಿದ ಗುಂಡು ಸಿಡಿದು ಹೊಡೆದವನ ಕಣ್ಣಿಗೇ ಬರುವದುಂಟು. ಇದು ಆಟದ ಸಾಮಾನಲ್ಲ. ಇದರ ಗುಂಡಿನಿಂದ ಕಣ್ಣು ಹೋದ ಮಕ್ಕಳೂ ಪ್ರಾಣ ಹೋದ ಮಕ್ಕಳೂ ಉಂಟು. ಆದುದರಿಂದ ಬಂದೂಕು ಒಂದು ಪೆಟ್ಟಿಗೆಯಲ್ಲಿ, ಗುಂಡು ಇನ್ನೊಂದು ಕಡೆಯಲ್ಲಿ, ಕೀಲಿಕೈಯು ಮನೆಯ ಯಜಮಾನನ ಉಡಿಯಲ್ಲಿ ಇರತಕ್ಕದ್ದು.

ಕಾಳಿನ ರಾಶಿಯ ಕಡೆಗಾಗಲಿ ಚೀಲಗಳ ಕಡೆಗಾಗಲಿ ಎಂದೂ ಹೊಡೆಯಕೂಡದು. ಸೀಸವು ವಿಷವು, ಕಾಳಿನಲ್ಲಿ ಉಳಿದ ಗುಂಡು ಗಿರಣಿಯ ಮೂಲಕ ಊಟದ ತಟ್ಟೆಗೆ ಬರುವದು. ಗುಂಡುಗಳನ್ನು ಬಾಯಲ್ಲಿ ಇಟ್ಟುಕೊಳ್ಳುವ ಚಟವನ್ನು ಬಿಡತಕ್ಕದ್ದು. ಹೊಡೆದ ಮೇಲೆ ಕೈಗಳನ್ನು ಸಾಬೂನಿನಿಂದ ತೊಳೆಯತಕ್ಕದ್ದು. ಸತ್ತ ಇಲಿಯನ್ನು ಬರಿಗೈಯಿಂದ ಮುಟ್ಟದೆ ಚಿಮಟದಿಂದ ಎತ್ತಿ ಬಾವಿಗೆ ದೂರವಾಗಿ ಆಳಕ್ಕೆ ಹೂಳತಕ್ಕದ್ದು.

ಗುಂಡನ್ನು ಇಡುವಾಗ ಮಡಚಿದ ನಳಿಗೆಯನ್ನು ಒಂದು ಕೈಯಿಂದ ಬಿಗಿಯಾಗಿ ಹಿಡಿದಿರಬೇಕು. ಕುದುರೆಯು ತಪ್ಪಿದರೆ ನಳಿಗೆಯು ಸಿಡಿದು ಬೆರಳು ಜಜ್ಜುವದು. ಗುಂಡಿಲ್ಲದೆ ಬರಿದೇ ಹೊಡೆದರೆ ಕೊಂತವು ತುದಿಗೆ ಅಪ್ಪಳಿಸಿ ಒಳಗಿನ ಬಳೆಯು ಹರಿಯುವದು. ಗಾಳಿಯ ಕೊಳವೆಯೊಳಗೆ ಎಣ್ಣೆಯನ್ನು ಸುರಿಯಕೂಡದು. ಒತ್ತಡದ ಬಿಸಿಗೆ ಎಣ್ಣೆಯು ಸಿಡಿಯುವದು. ಹೊರಗಿನ ಕಬ್ಬಿಣವನ್ನು ಮಾತ್ರ ಎಣ್ಣೆಯ ಅರಿವೆಯಿಂದ ಒರಸಿದರೆ ಸಾಕು. ಅರೆಮಲೆನಾಡಿನ ಮಳೆಗಾಲದಲ್ಲಿ ಇದನ್ನು ವಾರಕ್ಕೊಮ್ಮೆ ಮಾಡದಿದ್ದರೆ ತುಕ್ಕು ಹಿಡಿಯುವದು.

೭. ಬಂದೂಕಿಗಿಂತ ದೊಡ್ಡ ಉಪಾಯ

ಹೆಣ್ಣಿಲಿಯು ಸುಮಾರು ಮೂರು ವಾರಗಳ ಗರ್ಭದಲ್ಲಿ ಆರೆಂಟು ಮರಿಗಳನ್ನು ಹಾಕುವದು. ವರ್ಷದಲ್ಲಿ ಹಲವು ಸೂಲು ಈಯುವದು. ರಾತ್ರಿಗೆ ಎರಡು ಇಲಿಗಳನ್ನು ಹೊಡೆದು ಸಂತೋಷಪಡುವವನ ಅಟ್ಟದಲ್ಲಿ ಅಷ್ಟರೊಳಗೆ ಹತ್ತು ಹುಟ್ಟಿರುವವು. ಆದುದರಿಂದ ಬಂದೂಕು ಕೊನೆಯ ಉಪಾಯವೇ ಹೊರತು ಮೊದಲನೆಯದಲ್ಲ. ಬಲೆಗೂ ಬೋನಿಗೂ ಸಿಕ್ಕದ, ವಿಷದ ತಿನಿಸನ್ನು ಮುಟ್ಟದ ಒಂದೆರಡು ಜಾಣ ಹೆಗ್ಗಣಗಳಿಗೆ ಅದು ತಕ್ಕದ್ದು.

ಮೊದಲು ಮಾಡತಕ್ಕದ್ದು ಇವು: ಉಗ್ರಾಣದ ಬಾಗಿಲಿನ ಕೆಳಗೆ ತಗಡು ಹೊಡೆಯುವದು; ಚೀಲಗಳನ್ನು ಗೋಡೆಗೆ ತಾಗಿಸದೆ ಹಲಗೆಯ ಮೇಲೆ ಒಟ್ಟುವದು; ಬಣವೆಯನ್ನು ಮನೆಗೆ ದೂರವಾಗಿ ಹಾಕುವದು; ಗದ್ದೆಯ ಬದುಗಳನ್ನು ತೆಳ್ಳಗೆ ಇಟ್ಟು ಬಿಲಗಳನ್ನು ಅಗೆದು ಮುಚ್ಚುವದು; ಗೂಗೆಗಳು ಕೂಡ್ರಲು ಗದ್ದೆಯಲ್ಲಿ ಅಡ್ಡಕಟ್ಟಿಗೆಯ ಗೂಟಗಳನ್ನು ನಿಲ್ಲಿಸುವದು. ಗೂಗೆಯನ್ನು ಅಪಶಕುನವೆಂದು ಓಡಿಸುವದು ತನ್ನ ಕಾವಲುಗಾರನನ್ನು ತಾನೇ ಓಡಿಸಿದಂತೆ. ಇದೆಲ್ಲವೂ ಒಬ್ಬನ ಮನೆಯಲ್ಲಿ ಮಾತ್ರ ನಡೆದರೆ ಇಲಿಗಳು ನೆರೆಮನೆಗೆ ಹೋಗಿ ಎಂಟು ದಿನಕ್ಕೆ ಮರಳುವವು. ಇಡಿಯ ಊರು ಒಂದೇ ವಾರದಲ್ಲಿ ಕೂಡಿ ಮಾಡಿದರೇ ಫಲ. ವಿಷದ ತಿನಿಸನ್ನು ಇಡುವ ಕ್ರಮವನ್ನು ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಾಗಲಿ, ರಾಣೆಬೆನ್ನೂರು ತಾಲೂಕಿನ ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರದಲ್ಲಾಗಲಿ ಕೇಳಿ ತಿಳಿಯಬಹುದು.

ಊರನ್ನು ಕೂಡಿಸುವ ಕೆಲಸವು ಅಂಗಡಿಯಲ್ಲಿ ದೊರೆಯುವ ವಸ್ತುವಲ್ಲ. ಅದು ಗೌಡರದೂ ಹಿರಿಯರದೂ. ಸುಗ್ಗಿಯ ಮೊದಲು ಒಂದು ದಿನ ಚಾವಡಿಯಲ್ಲಿ ಸಭೆ ಸೇರಿಸಿ, ಬಿಲ ಮುಚ್ಚುವ ವಾರವನ್ನು ಗೊತ್ತುಮಾಡಿ, ಯಾರ ಮನೆಯಲ್ಲಿ ಗಾಳಿಬಂದೂಕು ಇದೆಯೋ ಅವರಿಗೆ ಮೇಲಿನ ಕಟ್ಟಳೆಗಳನ್ನು ಓದಿ ಹೇಳಿದರೆ ಊರ ಕಾಳು ಉಳಿಯುವದು; ಊರ ಮಕ್ಕಳ ಕಣ್ಣೂ ಉಳಿಯುವವು.