ಕಷ್ಟಕಾಲದಲ್ಲಿ ಕೀರ್ತನೆಗಳನ್ನು ಓದುವ ಕ್ರಮ

ಓದತಕ್ಕ ಭಾಗಗಳು: ಕೀರ್ತನೆ ೧೩, ೪೨, ೪೩, ೮೮, ೧೨೧, ೧೨೬.

ಪ್ರಿಯರೇ, ನಮ್ಮ ಹಿರಿಯರು ದಾವೀದನ ಕೀರ್ತನೆಗಳೆಂದು ವಾಡಿಕೆಯಾಗಿ ಕರೆಯುತ್ತಿದ್ದ ಗ್ರಂಥದಲ್ಲಿ ೧೫೦ ಕೀರ್ತನೆಗಳುಂಟು. ದಾವೀದನ ಹೆಸರನ್ನು ಹೊತ್ತಿರುವವು ೭೩. ಉಳಿದವುಗಳಲ್ಲಿ ಆಸಾಫನವು, ಕೋರಹೀಯರವು, ಹೆಸರೇ ಇಲ್ಲದವು ಸೇರಿವೆ. ಇವೆಲ್ಲವುಗಳಲ್ಲಿ ನಮ್ಮ ಸಭೆಗಳವರಿಗೆ ಬಾಯಿಪಾಠವಾಗಿರುವುದು ೨೩ನೆಯದು. ಅದು ಒಳ್ಳೆಯದೇ. ಆದರೆ ಆ ಒಂದು ಹಾಳೆ ಮಾತ್ರ ಬೆರಳುಗಳಿಂದ ಸವೆದು, ಅದರ ಹಿಂದುಮುಂದಿನ ಹಾಳೆಗಳು ಹೊಸದಾಗಿಯೇ ಉಳಿದಿರುವ ಸತ್ಯವೇದಗಳನ್ನು ನಾವು ಅನೇಕ ಮನೆಗಳಲ್ಲಿ ಕಂಡಿದ್ದೇವೆ.

ಇದಕ್ಕೆ ಕಾರಣವೇನು? ದೇವರ ಮುಂದೆ ದೂರು ಹೇಳುವುದು ಅವಿಶ್ವಾಸವೆಂಬ ಭಯವೇ. ಬೆಳೆ ಹೋದ ವರುಷದಲ್ಲಿ, ಮಗು ತೀರಿಹೋದ ತಿಂಗಳಲ್ಲಿ, ಆರಾಧನೆಗೆ ಬರುವುದನ್ನು ಬಿಟ್ಟವರುಂಟು. ಹೋಗಿ ವಿಚಾರಿಸಿದರೆ, “ಬಾಯಲ್ಲಿ ಸ್ತೋತ್ರವೇ ಬಾರದು, ಅಯ್ಯನವರೇ; ಬಂದು ಏನು ಮಾಡಲಿ?” ಎನ್ನುತ್ತಾರೆ. ಸ್ತೋತ್ರ ಬಾರದವನಿಗೂ ದೇವರ ಸನ್ನಿಧಿಯಲ್ಲಿ ಮಾತುಗಳುಂಟೆಂದು ತಿಳಿಸುವುದೇ ಈ ಪಾಠದ ಉದ್ದೇಶ.

ಕೀರ್ತನೆಗಳಲ್ಲಿ ಮೂರರಲ್ಲಿ ಒಂದು ಪಾಲಿಗೆ ಕಡಿಮೆಯಿಲ್ಲದಷ್ಟು ಗೋಳಿನ ಪ್ರಾರ್ಥನೆಗಳೇ ಆಗಿವೆ. ೧೩ನೆಯದನ್ನು ನೋಡಿರಿ. ಮೊದಲ ಎರಡು ವಚನಗಳಲ್ಲಿಯೇ ಭಕ್ತನು ಇದು ಎಷ್ಟು ಕಾಲವೆಂದು ನಾಲ್ಕು ಸಾರಿ ಕೇಳುತ್ತಾನೆ. ಅವನ ಪ್ರಶ್ನೆಗೆ ಉತ್ತರ ಬಂತೆಂದು ಎಲ್ಲಿಯೂ ಬರೆದಿಲ್ಲ. ಹೀಗಿದ್ದರೂ ಕೊನೆಗೆ ಹಾಡುತ್ತಾನೆ. ನಮ್ಮ ಕರ್ತನಾದ ಯೇಸು ಸ್ವಾಮಿಯು ಶಿಲುಬೆಯ ಮೇಲೆ ಕೂಗಿದ್ದು ೨೨ನೆಯ ಕೀರ್ತನೆಯ ಆರಂಭದ ಮಾತನ್ನೇ. ದೇವಕುಮಾರನ ಬಾಯಲ್ಲಿ ಬಂದ ದೂರು ನಮ್ಮ ಬಾಯಲ್ಲಿ ಬಂದರೆ ಪಾಪವೆಂದು ಯಾರು ಹೇಳಿಯಾರು?

ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಎಂಬವರು ೧೮೧೦ರಲ್ಲಿ ಬಳ್ಳಾರಿಗೆ ಬಂದರು. ಅವರ ಮತ್ತು ಅವರ ಜೊತೆಗೆಲಸದವರ ಪ್ರಯಾಸದಿಂದ ಸಂಪೂರ್ಣ ಕನ್ನಡ ಸತ್ಯವೇದವು ೧೮೩೦ರ ದಶಕದ ಆದಿಯಲ್ಲಿ ಆ ಊರಿನಲ್ಲಿಯೇ ಅಚ್ಚಾಯಿತು. ಅವರು ಸ್ತೋತ್ರಗಳನ್ನು ಮಾತ್ರ ಆರಿಸಿ ಕನ್ನಡಿಸಲಿಲ್ಲ. ಗೋಳನ್ನೂ ಗೋಳಾಗಿಯೇ ನಮ್ಮ ಭಾಷೆಗೆ ತಂದರು.

ಇನ್ನು ೪೨ನೆಯದು. ಈ ಕೋರಹೀಯನನ್ನು ನೆರೆಯವರು ದೇವರ ವಿಷಯವಾಗಿ ದಿನವೆಲ್ಲಾ ಹಂಗಿಸುತ್ತಿದ್ದರು. ಹೊಸದಾಗಿ ಸಭೆಗೆ ಸೇರಿದ ಮನೆಯವರಿಗೆ ಈ ಹಂಗಿನ ರುಚಿ ಗೊತ್ತು. ಆತನು ಹಂಗಿಸಿದವರೊಡನೆ ವಾದಕ್ಕೆ ನಿಲ್ಲದೆ ತನ್ನ ಪ್ರಾಣದೊಡನೆಯೇ ಮಾತಾಡಿ, ಏಕೆ ಕುಗ್ಗಿದೆಯೆಂದು ಅದನ್ನು ಕೇಳುತ್ತಾನೆ. ೪೨ ಮತ್ತು ೪೩ನ್ನು ಒಟ್ಟಿಗೆ ಓದಿದರೆ ಈ ಪ್ರಶ್ನೆ ಮೂರು ಸಾರಿ ಬರುತ್ತದೆ. ಒಂದೇ ಸಾರಿ ಕೇಳಿದ್ದರಿಂದ ಮನಸ್ಸು ಎದ್ದು ನಿಲ್ಲಲಿಲ್ಲವೆಂಬುದನ್ನು ಗಮನಿಸಿರಿ.

೧೨೬ನೆಯದು ನಮ್ಮ ಸೀಮೆಯವರಿಗೆ ಇತರರಿಗಿಂತ ಚೆನ್ನಾಗಿ ತಿಳಿಯಬೇಕು. ಸೆರೆಯಿಂದ ತಿರುಗಿ ಬಂದ ಜನರು, ದಕ್ಷಿಣ ಪ್ರಾಂತದ ಒಣ ಹಳ್ಳಗಳಿಗೆ ನೀರು ಬರುವ ಹಾಗೆ ತಮ್ಮ ಸ್ಥಿತಿಯು ಮಾರ್ಪಡಲೆಂದು ಅದರಲ್ಲಿ ಬೇಡುತ್ತಾರೆ. ಆ ಹಳ್ಳಗಳು ನಮ್ಮ ಹಳ್ಳಗಳಂತೆಯೇ ಬೇಸಿಗೆಯಲ್ಲಿ ಬರಿಯ ಮರಳು. ಮೇಲುಸೀಮೆಯಲ್ಲಿ ಮಳೆಯಾದರೆ ರಾತ್ರಿ ಬೆಳಗಾಗುವುದರೊಳಗೆ ತುಂಬಿ ಹರಿಯುತ್ತವೆ. ಆದರೆ ಮುಂದಿನ ವಚನದಲ್ಲಿ ಉಪಮಾನವೇ ಬೇರೆ: ಅಳುತ್ತಾ ಬಿತ್ತುವವನು. ಅವನಿಗೆ ಅಳು ಏಕೆ? ಬರದ ವರುಷದಲ್ಲಿ ಬಿತ್ತನೆಗೆಂದು ಕಟ್ಟಿಟ್ಟ ಜೋಳವು ಮಕ್ಕಳ ಬಾಯಿಯ ತುತ್ತೂ ಆಗಿರುತ್ತದೆ. ಅದನ್ನು ಮಣ್ಣಿಗೆ ಹಾಕುವ ಕೈ ನಡುಗದೆ ಇದ್ದೀತೇ? ಒಂದು ಸಹಾಯ ಹಳ್ಳದ ನೀರಿನಂತೆ ಒಮ್ಮೆಗೇ ಬರುತ್ತದೆ, ಇನ್ನೊಂದು ಪೈರಿನಂತೆ ತಿಂಗಳುಗಟ್ಟಲೆ ಕಾಯಿಸುತ್ತದೆ. ಭಕ್ತರು ಮೊದಲನೆಯದಕ್ಕಾಗಿ ಬೇಡುತ್ತಲೇ ಎರಡನೆಯದಕ್ಕಾಗಿ ಹೊಲಕ್ಕೆ ಹೋದರು.

೨೦೨೪ನೆಯ ಆಗಸ್ಟ್ ೧೦ರ ರಾತ್ರಿ ಹೊಸಪೇಟೆಯ ತುಂಗಭದ್ರಾ ಅಣೆಕಟ್ಟಿನ ೩೩ ಗೇಟುಗಳಲ್ಲಿ ೧೯ನೆಯದರ ಸರಪಣಿ ತುಂಡಾಗಿ ಗೇಟು ಕೊಚ್ಚಿಹೋಯಿತು. ತುಂಬಿದ್ದ ಜಲಾಶಯದ ನೀರು ನದಿಗೆ ಹರಿಯುತ್ತಿರಲು, ಕಾಲುವೆಯನ್ನು ನಂಬಿದ ರೈತರು ತಮ್ಮ ಬತ್ತವು ಏನಾಗುವುದೋ ಎಂದು ಎದೆಗುಂದಿದರು. ಯಾರ ಪಾಪಕ್ಕೆ ಇದು ಶಿಕ್ಷೆಯೆಂದು ಲೆಕ್ಕಹಾಕಿದವರೂ ಇದ್ದರು. ಅಂಥ ಲೆಕ್ಕಕ್ಕೆ ಕೀರ್ತನೆಗಳಲ್ಲಿ ನಾವು ಆಧಾರ ಕಾಣೆವು. ೧೯೫೩ರಲ್ಲಿ ಪೂರ್ತಿಯಾದ ಅಣೆಕಟ್ಟಿನ ಕಬ್ಬಿಣವೂ ಸವೆಯುತ್ತದೆ. ವಾರ ಕಳೆಯುವಷ್ಟರಲ್ಲಿ ಕೆಲಸಗಾರರು ಆ ಹರಿಯುವ ನೀರಿನಲ್ಲಿಯೇ ತಾತ್ಕಾಲಿಕ ತಡೆಗಳನ್ನು ಇಳಿಸಿದರು. ಆ ಮಳೆಗಾಲದಲ್ಲಿಯೇ ಜಲಾಶಯವು ಬಹುಮಟ್ಟಿಗೆ ಮತ್ತೆ ತುಂಬಿತು. ಆ ವರುಷ ನೀರು ತಿರುಗಿ ಬಂತು. ಬಾರದ ವರುಷಗಳನ್ನೂ ನಾವು ಬಲ್ಲೆವು. ಆ ವರುಷಗಳಿಗೂ ಇದೇ ಕೀರ್ತನೆ.

೧೨೧ನೆಯದರಲ್ಲಿ ಗುಡ್ಡಗಳ ಕಡೆಗೆ ಕಣ್ಣೆತ್ತುವವನಿಗೆ ಗುಡ್ಡಗಳಿಂದಲೇ ಸಹಾಯ ಬರುವುದೆಂದು ಕೆಲವರು ಓದುತ್ತಾರೆ. ಅದು ಪ್ರಶ್ನೆ, ಗುಡ್ಡಗಳನ್ನು ಉಂಟುಮಾಡಿದಾತನಿಂದ ಎಂಬುದು ಅದಕ್ಕೆ ಉತ್ತರ. ೨೦೧೧ನೆಯ ಜುಲೈಯಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಳ ಕೆಲಸವನ್ನು ನಿಲ್ಲಿಸಿದಾಗ ಸಂಡೂರಿನ ಗುಡ್ಡಗಳು ಇದ್ದಲ್ಲಿಯೇ ಇದ್ದವು, ಕೂಲಿ ಮಾತ್ರ ನಿಂತಿತು. ಅಂದಿನ ಕೂಲಿಕಾರರಿಗೆ ಈ ಎರಡು ವಚನಗಳ ನಡುವಣ ಭೇದವನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಾಗೆಯೇ ಆ ಕೀರ್ತನೆಯಲ್ಲಿ ಬರುವ ನೆರಳೆಂಬ ಮಾತಿಗೆ, ಏಪ್ರಿಲ್ ತಿಂಗಳ ಮಧ್ಯಾಹ್ನದಲ್ಲಿ ಕಮಲಾಪುರದಿಂದ ಹಂಪಿಯ ಬಂಡೆಗಳ ನಡುವೆ ನಡೆದವರಿಗೂ, ಕಂಪ್ಲಿಯ ಗದ್ದೆಗಳಲ್ಲಿ ಬಗ್ಗಿ ಕಳೆ ಕಿತ್ತವರಿಗೂ ವ್ಯಾಖ್ಯಾನ ಬೇಡ.

ಮನೆಯಲ್ಲಿ ಓದುವ ಕ್ರಮ ಹೀಗಿರಲಿ: ಸಂಜೆ ದೀಪ ಹಚ್ಚಿದ ಮೇಲೆ ಓದುಬಲ್ಲ ಮಗುವಿನಿಂದ ಒಂದು ಕೀರ್ತನೆಯನ್ನು ಗಟ್ಟಿಯಾಗಿ ಓದಿಸಿರಿ. ದೂರಿನ ವಚನ ಬಂದಾಗ ನಿಲ್ಲಿಸಿ, ಮನೆಯ ದೂರನ್ನು ಹೆಸರಿಟ್ಟು ಹೇಳಿರಿ: ಸಾಲವಾದರೆ ಸಾಲ, ಜ್ವರವಾದರೆ ಜ್ವರ. ಆಮೇಲೆ ಮುಂದಿನ ವಚನ.

ಕಡೆಯದಾಗಿ ೮೮ನೆಯದು. ಇದೊಂದರಲ್ಲಿ ಸಮಾಧಾನದ ತಿರುವು ಇಲ್ಲ. ಕತ್ತಲೆಯ ಮಾತಿನಿಂದಲೇ ಮುಗಿಯುತ್ತದೆ. ಆದರೂ ಹಗಲಿರುಳು ದೇವರಿಗೇ ಮೊರೆಯಿಟ್ಟವನ ಪ್ರಾರ್ಥನೆಯದು. ಸಾವಾದ ಮನೆಗೆ ಹೋದ ಎಳೆಯ ಉಪದೇಶಿಗಳು ಅಳಬೇಡಿರೆಂದು ಹೇಳಿ, ಅವಸರದಿಂದ ೨೩ನ್ನು ಓದಿ ಹೊರಟುಬಿಡುವುದುಂಟು. ನಮ್ಮ ಅಭಿಪ್ರಾಯದಲ್ಲಿ ಮೊದಲನೆಯ ದಿನಕ್ಕೆ ೮೮ ಸಾಕು. ಅದನ್ನು ಮೆಲ್ಲಗೆ ಓದಿ, ಪುಸ್ತಕ ಮುಚ್ಚಿ, ಅಳುವವರ ಸಂಗಡ ಕುಳಿತಿರಿ. ೨೩ನ್ನು ಮನೆಯವರೇ ಕೇಳಿದ ದಿನ ಓದಬಹುದು. ಅದು ಅವರಿಗೆ ಬಾಯಿಪಾಠವಾಗಿಯೇ ಇದೆ.