ಗೇರು ಬೀಳದಿದ್ದರೆ ಮೊದಲು ಹೊರಗಿನ ಕೀಲನ್ನು ನೋಡಿ

ನಮ್ಮ ವಾಚನಾಲಯಕ್ಕೆ ಬರುವವರಲ್ಲಿ ಅನೇಕರು ಮೋಟಾರುಸೈಕಲ್ಲನ್ನೇ ನಂಬಿ ದುಡಿಯುವವರು. ದ್ವಾರಕಾದಿಂದ ಕಚೇರಿಗೆ ಹೋಗುವ ಗುಮಾಸ್ತರಿಗೂ, ನೋಯ್ಡಾ, ಗುರುಗ್ರಾಮಗಳಲ್ಲಿ ಮನೆಮನೆಗೆ ಸಾಮಾನು ಮುಟ್ಟಿಸುವ ತರುಣರಿಗೂ ಗಾಡಿ ಒಂದು ದಿನ ನಿಂತರೆ ಸಂಪಾದನೆಗೇ ಕುಂದು. ಗೇರು ಸರಿಯಾಗಿ ಬೀಳುತ್ತಿಲ್ಲವೆಂದರೆ ‘ಪೆಟ್ಟಿಗೆಯನ್ನೇ ಬಿಚ್ಚಬೇಕು’ ಎಂಬ ಉತ್ತರ ಕೇಳಿ ಎದೆಗುಂದುವವರುಂಟು. ಆದರೆ ಎಷ್ಟೋ ವೇಳೆ ದೋಷವಿರುವುದು ಹೊರಗಿನ ಕೀಲುಗಳಲ್ಲಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಬಾರದಷ್ಟೆ.

ಈ ಭಾಗಗಳ ರಚನೆಯನ್ನು ಮೊದಲು ತಿಳಿಯೋಣ. 1961ರಿಂದ 1996ರವರೆಗೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದ ಗಾಡಿಗಳನ್ನು ನೋಡಿದವರಿಗೆ ನೆನಪಿರಬಹುದು: ಅವುಗಳಲ್ಲಿ ಗೇರು ಹಾಕುವ ಸನ್ನೆಯೇ ಕಿಕ್ ಹೊಡೆಯುವ ಸನ್ನೆಯೂ ಆಗಿತ್ತು, ಎಂಜಿನ್ನಿನಿಂದ ಹೊರಬಂದ ದಂಡಕ್ಕೆ ಅದು ನೇರವಾಗಿ ಕೂಡಿತ್ತು. ಈಗಿನ ಕೆಲವು ಗಾಡಿಗಳಲ್ಲಿಯೂ ಸನ್ನೆ ನೇರವಾಗಿ ದಂಡದ ಮೇಲಿರುತ್ತದೆ. ಇನ್ನು ಕೆಲವುಗಳಲ್ಲಿ ಕಾಲುಸನ್ನೆ ಬೇರೆ, ದಂಡ ಬೇರೆ. ನಡುವೆ ಒಂದು ಸಲಾಕೆ, ಅದರ ಎರಡು ತುದಿಗೂ ಗುಂಡುಕೀಲು.

ಏಪ್ರಿಲಿನಿಂದ ಜೂನಿನವರೆಗೆ ಬೀಸುವ ದೆಹಲಿಯ ಧೂಳುಗಾಳಿ ಈ ಕೀಲುಗಳ ಹಳೆಯ ಗ್ರೀಸಿಗೆ ಅಂಟಿ, ಸಾಣೆಯ ಪುಡಿಯಂತೆ ಲೋಹವನ್ನು ಸವೆಸುತ್ತದೆ. ಮೇಲೆ ಮಳೆ ಬಿದ್ದರೆ ತುಕ್ಕು. ಆಗ ತುಳಿದ ಸನ್ನೆ ತನ್ನ ಜಾಗಕ್ಕೆ ಪೂರಾ ಮರಳುವುದಿಲ್ಲ. ಮರಳದಿದ್ದರೆ ಮುಂದಿನ ಗೇರು ಬೀಳುವುದಿಲ್ಲ. ಚೌಕದ ನಡುವೆ, ಹಿಂದೆ ಬಸ್ಸು ಬರುತ್ತಿರುವಾಗ ಹೀಗಾದರೆ ಪ್ರಾಣಕ್ಕೇ ಅಪಾಯ.

ಬೇಕಾದ ಸಾಮಾನು: 10 ನಂಬರಿನ ಸ್ಪ್ಯಾನರು (ಇಲ್ಲಿನ ಮಿಸ್ತ್ರಿಗಳು ‘ದಸ್ ನಂಬರ್ ಪಾನಾ’ ಎನ್ನುವರು, ಕೆಲವು ಗಾಡಿಗೆ ಬೇರೆ ಅಳತೆ ಬೇಕಾದೀತು), ಹಳೆಯ ಹಲ್ಲುಜ್ಜುವ ಬ್ರಷ್ಷು, ಚಿಂದಿಬಟ್ಟೆ, ಒಂದು ತಟ್ಟೆ, ಸ್ವಲ್ಪ ಲಿಥಿಯಂ ಗ್ರೀಸು. ತೊಳೆಯಲು ಸೀಮೆಎಣ್ಣೆ ಒಳ್ಳೆಯದು. ಆದರೆ 2014ರಲ್ಲಿ ದೆಹಲಿಯನ್ನು ಸೀಮೆಎಣ್ಣೆಮುಕ್ತವೆಂದು ಸಾರಿದ ಮೇಲೆ ಅದು ಸುಲಭವಾಗಿ ಸಿಕ್ಕುವುದಿಲ್ಲ. ಅರ್ಧ ಲೋಟ ಡೀಸಲ್ ಸಾಕು. ಪೆಟ್ರೋಲು ಕೂಡದು. ಮನೆಯ ಒಳಗೆ, ಒಲೆಯ ಬಳಿ, ಬೀಡಿ ಸಿಗರೇಟು ಹಚ್ಚಿಕೊಂಡು ಈ ಕೆಲಸ ಮಾಡಲೇಕೂಡದು.

ಕ್ರಮ ಹೀಗಿದೆ:

1. ಎಂಜಿನ್ ತಣ್ಣಗಾಗಲಿ. ಗಾಡಿಯನ್ನು ನ್ಯೂಟ್ರಲಿನಲ್ಲಿಟ್ಟು, ಎರಡು ಕಾಲಿನ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ.

2. ದಂಡದ ತುದಿಗೂ ಸನ್ನೆಗೂ ಸೇರಿಸಿ ಒಂದು ಗೀಟು ಎಳೆಯಿರಿ. ಮತ್ತೆ ಜೋಡಿಸುವಾಗ ಒಂದು ಹಲ್ಲು ತಪ್ಪಿದರೂ ಸನ್ನೆಯ ಎತ್ತರ ಕೆಡುತ್ತದೆ.

3. ಬಿಗಿ ಬೋಲ್ಟನ್ನು ಸಡಿಲಿಸಿದರೆ ಸಾಲದು, ಪೂರ್ತಿ ಹೊರತೆಗೆಯಿರಿ. ಅನೇಕ ಗಾಡಿಗಳಲ್ಲಿ ಅದು ದಂಡದ ಗಾಡಿಯಲ್ಲಿ ಕೂತು ಸನ್ನೆಯನ್ನು ಹಿಡಿದಿರುತ್ತದೆ. ಸನ್ನೆ ಬರಲಿಲ್ಲವೆಂದು ಸುತ್ತಿಗೆಯಿಂದ ಹೊಡೆಯಬೇಡಿ.

4. ಸಲಾಕೆಯ ತುದಿಯ ನಟ್ಟುಗಳನ್ನು ಮುಟ್ಟಬೇಡಿ. ಕಾಲುಸನ್ನೆಯ ಎತ್ತರವನ್ನು ನಿರ್ಧರಿಸುವುದು ಅವೇ.

5. ಲೋಹದ ಭಾಗಗಳನ್ನು ಡೀಸಲಿನಲ್ಲಿ ಉಜ್ಜಿ, ಒರೆಸಿ, ಒಣಗಿಸಿ. ರಬ್ಬರು ಟೋಪಿಗಳನ್ನು ಒಣಬಟ್ಟೆಯಿಂದ ಒರೆಸಿದರೆ ಸಾಕು.

6. ಕಾಲುಸನ್ನೆ ತಿರುಗುವ ಅಚ್ಚಿಗೂ ಗುಂಡುಕೀಲಿಗೂ ತೆಳುವಾಗಿ ಗ್ರೀಸು ಸವರಿ, ಹೊರಗೆ ಉಳಿದುದನ್ನು ಒರೆಸಿಬಿಡಿ. ನಮ್ಮೂರಿನ ಎತ್ತಿನಗಾಡಿಗೆ ಕೀಲೆಣ್ಣೆ ಧಾರಾಳವಾಗಿ ಹಾಕಿದಂತೆ ಇಲ್ಲಿ ಹಾಕಿದರೆ ಧೂಳಿಗೆ ಆಹ್ವಾನ ಕೊಟ್ಟಂತೆ.

7. ಗೀಟಿಗೆ ಗೀಟು ಸೇರಿಸಿ ಜೋಡಿಸಿ. ಬೋಲ್ಟು ಸಣ್ಣದು, ಮೈಬಲವೆಲ್ಲ ಹಾಕಿದರೆ ಥ್ರೆಡ್ಡು ಕಿತ್ತುಹೋಗುತ್ತದೆ.

ನಿಂತಲ್ಲೇ ಸನ್ನೆಯನ್ನು ಮೇಲೆ ಕೆಳಗೆ ಆಡಿಸಿ, ತಾನಾಗಿ ಮರಳುವುದೇ ನೋಡಿ; ಬಳಿಕ ಜನವಿಲ್ಲದ ಗಲ್ಲಿಯಲ್ಲಿ ಓಡಿಸಿ ನೋಡಿ. ಆದರೂ ಗೇರು ತಡವರಿಸಿದರೆ ಕ್ಲಚ್ಚಿನ ತಂತಿಯ ಸಡಿಲವನ್ನು ಪರೀಕ್ಷಿಸಿ. ದಂಡದ ಬುಡದಲ್ಲಿ ಎಣ್ಣೆ ಒಸರುತ್ತಿದ್ದರೆ, ಹಲ್ಲುಗಳು ಸವೆದು ಸನ್ನೆ ಜಾರುತ್ತಿದ್ದರೆ, ಆಗ ಮಿಸ್ತ್ರಿಯ ಬಳಿಗೆ ಹೋಗತಕ್ಕದ್ದು. ಹೊರಗಿನದನ್ನು ನೀವೇ ನೋಡಿದ್ದೀರೆಂದು ಅವನಿಗೆ ಹೇಳಿ. ಮಾತು ನೇರವಾಗಿ ನಿಜವಾದ ದೋಷಕ್ಕೆ ಬರುತ್ತದೆ.

ಕೊಳೆಯಾದ ಡೀಸಲನ್ನು ಚರಂಡಿಗೆ ಸುರಿಯಬೇಡಿ. ಇಲ್ಲಿನ ಚರಂಡಿಗಳು ಸೇರುವುದು ಯಮುನೆಯನ್ನೇ. ಶೀಷೆಯಲ್ಲಿ ತುಂಬಿ, ಹಳೆಯ ಆಯಿಲ್ ಕೂಡಿಡುವ ಮಿಸ್ತ್ರಿಗೆ ಕೊಡಿ. ಮಳೆಗೆ ಮುಂಚೆ ಜೂನಿನಲ್ಲಿ ಒಮ್ಮೆ, ಮಳೆ ಕಳೆದ ಮೇಲೆ ಅಕ್ಟೋಬರಿನಲ್ಲಿ ಒಮ್ಮೆ, ಒಂದು ಭಾನುವಾರದ ಒಂದು ಗಂಟೆ ಇದಕ್ಕೆ ಮೀಸಲಿಟ್ಟರೆ ಸಾಕು.